ಪೇರಲಗಿಡ ಕಾರ್ಯಾಲಯದ ಗೋಲ ಶಿಕ್ಕಾ

೩೧ ಜುಲೈ ೨೦೦೩, ಗುರುವಾರ

ದಾಖಲೆಗಾಗಿ ಬರೆದಿಡುತ್ತೇನೆ. ಇವತ್ತು ಬೆಳಗಿನ ಬಸ್ಸಿಗೆ ನನ್ನ ಹೆಂಡತಿ ಪದ್ಮವ್ವ ಪಂಚಮಿ ಹಬ್ಬಕ್ಕೆಂದು ಕಮತಗಿಗೆ, ತವರಿಗೆ ಹೋದಳು. ಕರೆಯಲು ಬಂದವನು ಅವಳ ತಮ್ಮ ಬಾಬಣ್ಣ. ಮೊಮ್ಮಕ್ಕಳನ್ನು ಕಂಡ ಹೆಂಗಸಿಗೆ ಜೋಕಾಲಿ ಹಬ್ಬ ಯಾಕೆ ಬೇಕು ಎಂದು ಕೇಳಿದೆ. ಅವಳು ಚೀಲ ಎತ್ತಿಕೊಂಡು ಅಂಗಳಕ್ಕೆ ಇಳಿದಳು.

ನಾನು ಮೇ ತಿಂಗಳ ಕೊನೆಗೆ ನಿವೃತ್ತನಾದೆ. ಹುನಗುಂದದ ಸರಕಾರಿ ಕಚೇರಿಯಲ್ಲಿ ಆವಕ-ಜಾವಕ ನನ್ನದು. ಬಂದ ಕಾಗದಕ್ಕೂ ಶಿಕ್ಕಾ, ಅಂದರೆ ಕಚೇರಿಯ ಮೊಹರು, ಹೋಗುವ ಕಾಗದಕ್ಕೂ ಶಿಕ್ಕಾ. ನನ್ನ ಕೈಯ ಗೋಲ ಶಿಕ್ಕಾ ಬೀಳದೆ ಅಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಇಂಥವನು ಇಲಕಲ್ಲಿಗೆ ಬಂದು ಮನೆಯಲ್ಲಿ ಕೂತ ಮೇಲೆ ಮನೆಗೂ ಒಂದು ಶಿಸ್ತು ಬೇಡವೇ? ಅಡಿಗೆ ಮನೆಯ ಗೋಡೆಗೆ ಮೂರು ಮೊಳೆ ಹೊಡೆದು ಮೂರು ಫೈಲು ತೂಗುಹಾಕಿದೆ. ಉಪ್ಪು, ಮೆಣಸಿನಕಾಯಿ, ಬೆಲ್ಲ ಏನೇ ಬೇಕಾದರೂ ಚೀಟಿ ಬರೆದು ಹಾಕಬೇಕು, ನಾನು ಮಂಜೂರು ಮಾಡಿ ತರಬೇಕು. ಪದ್ಮವ್ವ ಆ ಚೀಟಿಗಳಿಂದ ಒಲೆ ಹೊತ್ತಿಸಿದಳು.

ಇವತ್ತು ಹೊರಡುವಾಗಲೂ ನಾನು ಕೇಳಿದ್ದು ಇಷ್ಟೇ: "ಎಷ್ಟ ದಿವಸ ರಜಾ? ಕಾರಣ ಏನು?"

"ನಿಮಗ ರಿಟೈರ್ ಆತಲ್ರಿ, ನನಗೂ ಆಗೇತಿ ಅಂತ ತಿಳಕೋರಿ," ಅಂದಳು. ಬಾಬಣ್ಣ ಹಲ್ಲು ಬಿಟ್ಟ. ನಾನು ನಗಲಿಲ್ಲ. ಬಸ್ಸಿನ ಕಿಡಕಿಯಿಂದ ಮತ್ತೆ ಹೇಳಿದಳು, "ಕರಿಯಾಕ ಬರೂದಾದ್ರ ಈ ಸಲ ನೀವ ಬರ್ರಿ. ಮಂದೀನ ಕಳಸಬ್ಯಾಡ್ರಿ."

ಬಸ್ಸು ಹೋಯಿತು. ಮನೆಯಲ್ಲಿ ಇನ್ನು ನಾಲ್ಕು ದಿನ ಶಾಂತಿ.

೬ ಆಗಸ್ಟ್, ಬುಧವಾರ

ಹಬ್ಬ ಮುಗಿಯಿತು. ಪದ್ಮವ್ವ ಬರಲಿಲ್ಲ. ಅವಳು ಮಾಡಿಟ್ಟು ಹೋಗಿದ್ದ ಶೇಂಗಾ ಉಂಡಿ, ಎಳ್ಳುಂಡಿ ಎರಡೂ ಡಬ್ಬಿ ಖಾಲಿ.

ಪದ್ಧತಿ ಏನೆಂದರೆ, ಹೆಣ್ಣುಮಗಳನ್ನು ಹಬ್ಬಕ್ಕೆ ತವರಿನವರು ಬಂದು ಕರೆದೊಯ್ಯಬೇಕು, ಹಬ್ಬ ಮುಗಿದ ಮೇಲೆ ಗಂಡನ ಮನೆಯವರು ಹೋಗಿ ಕರೆತರಬೇಕು. ಮದುವೆಯಾದಾಗಿನಿಂದ ಈ ಕೆಲಸವನ್ನು ನಮ್ಮ ಕಚೇರಿಯ ಸಿಪಾಯಿ ಹನಮಂತಪ್ಪ ಮಾಡುತ್ತಿದ್ದ. ಟಪಾಲು ಒಯ್ಯುತ್ತಿದ್ದ, ಬರುವಾಗ ಪದ್ಮವ್ವನನ್ನು ಕರೆತರುತ್ತಿದ್ದ. ಒಂದು ಸಲವೂ ಲೋಪವಾಗಿಲ್ಲ. ಈಗ ಸಿಪಾಯಿ ಇಲ್ಲ. ನಾನೇ ಹೋಗೋಣವೆಂದರೆ ಅಳಿಯನಾದವನು ಕರೆಯದೆ ಮಾವನ ಮನೆಗೆ ಹೋಗಬಾರದು, ಬೆಲೆ ಇಳಿಯುತ್ತದೆ. ಹೀಗಾಗಿ ಪ್ರಕರಣ ನಿಂತಿದೆ.

ಸಂಜೆ ಬಾಬಣ್ಣನಿಗೆ ಫೋನು ಮಾಡಿದೆ.

"ನಿಮ್ಮ ಅಕ್ಕನ್ನ ಯಾವಾಗ ಕಳಸ್ತಿ?"

"ನಾ ಕಳಸೂದು ಎಲ್ಲಿ ಬಂತ್ರಿ ಮಾವಾರ. ನೀವ ಬರಬೇಕಂತಾಳ ಅಕಿ."

"ನನ್ನ ಕರದೀರೇನು?"

"ಈಗ ಕರಿಯಾಕ್ಹತ್ತೇನಲ್ರಿ."

"ಫೋನಿನ್ಯಾಗ ಕರದ್ರ ಅದು ಕರದಂಗಲ್ಲ."

"ಹಂಗಾದ್ರ ಅಕಿ ಹೇಳಿದ್ದ ಹೇಳಿಬಿಡ್ತೇನಿ, ಸಿಟ್ಟಾಗಬ್ಯಾಡ್ರಿ. ಬರೂದಾದ್ರ ಅರ್ಜಿ ತಗೊಂಡ ಬರ್ಲಿ ಅಂದಾಳ."

ಫೋನು ಇಟ್ಟುಬಿಟ್ಟೆ. ನಾನು ಜೀವಮಾನವೆಲ್ಲ ಅರ್ಜಿ ತೆಗೆದುಕೊಂಡವನು, ಕೊಟ್ಟವನಲ್ಲ.

೭ ಆಗಸ್ಟ್

ಖಾನಾವಳಿಯ ಪಲ್ಯದಲ್ಲಿ ಬರೀ ಸೋಡಾ. ಹೊಟ್ಟೆ ಸರಿಯಿಲ್ಲ.

೧೦ ಆಗಸ್ಟ್, ರವಿವಾರ

ಹಿತ್ತಲಿನ ಪೇರಲ ಗಿಡದಲ್ಲಿ ಗದ್ದಲ. ಹೋಗಿ ನೋಡಿದರೆ ಪಕ್ಕದ ಮನೆಯ ಗುರುಲಿಂಗವ್ವನ ಮೊಮ್ಮಗಳೊಬ್ಬಳು ಗಿಡದ ಮೇಲೆ, ಕಂಡಕ್ಟರ್ ಅಹ್ಮದಸಾಬನ ಮಗ ಕೆಳಗೆ ಅಂಗಿ ಒಡ್ಡಿಕೊಂಡು ನಿಂತಿದ್ದಾನೆ. ಗುರುಲಿಂಗವ್ವ ದಿನವಿಡೀ ಮಗ್ಗದಲ್ಲಿರುತ್ತಾಳೆ, ಮಕ್ಕಳು ಊರ ಮೇಲೆ.

"ಯಾರನ್ನ ಕೇಳಿ ಹರೀತೀರಿ? ಅರ್ಜಿ ಕೊಡ್ರಿ ಮೊದ್ಲ!" ಎಂದು ಗದರಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಮಧ್ಯಾಹ್ನ ಅರ್ಜಿ ಬಂತು. ಮಗ್ಗಿ ಬರೆದ ಹಾಳೆಯ ಹಿಂದೆ: "ಮಾನ್ಯರೇ, ನಮಗೆ ಪೇರಲ ಹಣ್ಣು ಬೇಕು. ತಮ್ಮ ವಿಶ್ವಾಸಿ, ಸುಮಾ ಮತ್ತು ಜಹಾಂಗೀರ." ಶಿಕ್ಕಾ ಇಲ್ಲದ ಅರ್ಜಿ ನಡೆಯುವುದಿಲ್ಲವೆಂದು ತಿರುಗಿ ಕಳಿಸಿದೆ.

ಅರ್ಧ ತಾಸಿಗೆ ಮತ್ತೆ ಹಾಜರು. ಶಿಕ್ಕಾ ಇತ್ತು! ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದ ಒಂದು ಸೊಟ್ಟ ಸುತ್ತು, ನಡುವೆ ಬೆಕ್ಕಿನಂಥ ಸಿಂಹ.

"ಇದು ಶಿಕ್ಕಾನ? ಕುಂಕುಮ ಚೆಲ್ಲಿದಂಗ ಐತಿ," ಅಂದೆ.

"ಹಂಗಾದ್ರ ನೀವ ತಗದ ತೋರಸ್ರಿ," ಅಂದಿತು ಆ ಹುಡುಗಿ. ಏನು ಬಾಯಿ!

ಬಾಗಿಲು ಹಾಕಿಕೊಂಡು ಮಲಗಿದೆ. ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಆ ಸೊಟ್ಟ ಸುತ್ತು. ನನ್ನ ಕಣ್ಣೆದುರಿಗೆ ಇಂಥ ಶಿಕ್ಕಾ ಓಡಾಡುವುದು ನನಗೆ ಸಹಿಸಲಾಗದು. ಎದ್ದು ಹೋಗಿ ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿದೆ.

೧೨ ಆಗಸ್ಟ್, ಮಂಗಳವಾರ

ದಾಖಲೆಗಾಗಿ: ಶಿಕ್ಕಾ ತೆಗೆಯುವ ಕ್ರಮ.

ಹೊರಗಿನ ಸುತ್ತಿಗೆ ಬಳೆ, ಒಳಗಿನ ಸುತ್ತಿಗೆ ಔಷಧದ ಬಾಟ್ಲಿಯ ಮುಚ್ಚಳ. ನಡುವಿನ ಓಣಿಯಲ್ಲಿ ಅಕ್ಷರ ಬರೆಯಬೇಕು, ಎಲ್ಲ ಅಕ್ಷರದ ತಲೆ ಹೊರಗೆ, ಕಾಲು ಒಳಗೆ. ಅದಕ್ಕೆ ಕೈ ತಿರುಗಿಸಬಾರದು, ಕಾಗದ ತಿರುಗಿಸಬೇಕು. ಬರಹ ಮುಗಿದು ಮತ್ತೆ ಸುರುವಾಗುವ ಜಾಗದಲ್ಲಿ ಒಂದು ಚಿಕ್ಕಿ. ಒಳಗೆ ಅಡ್ಡ ತಾರೀಖು. ಬಣ್ಣ ಜಾಂಬಳಿಯೇ ಆಗಬೇಕು, ನೇರಳೆ ಹಣ್ಣಿನದು. ಕಾಪಿಂಗ್ ಪೆನ್ಸಿಲಿನಿಂದ ಬರೆದು ಮೇಲೆ ಹಸಿ ಅರಿವೆಯನ್ನು ಮೆಲ್ಲಗೆ ಒತ್ತಿದರೆ ಮಸಿ ಉಬ್ಬುತ್ತದೆ.

ಆದರೆ ಇಷ್ಟೂ ಮಾಡಿದ ಮೇಲೆ ಸುಮಾ ತೆಗೆದದ್ದು ಸುಳ್ಳು ಶಿಕ್ಕಾದಂತೆಯೇ ಕಂಡಿತು. ಯಾಕೆಂದು ಅವಳಿಗೂ ತಿಳಿಯಲಿಲ್ಲ, ಜಹಾಂಗೀರನಿಗೂ ತಿಳಿಯಲಿಲ್ಲ.

"ಭಾಳ ಚಂದ ಆಗೇತಿ. ಅದ ತಪ್ಪು," ಅಂದೆ. "ಖರೆ ಶಿಕ್ಕಾ ಎಂದೂ ಪೂರಾ ಬೀಳಂಗಿಲ್ಲ. ಹೊಡಿಯಾಂವಗ ಬ್ಯಾಸರಾಗಿರತೈತಿ. ಒಂದ ಕಡೆ ಒತ್ತಿರತಾನ, ಒಂದ ಕಡೆ ಬಿಟ್ಟಿರತಾನ."

ಎಡಗಡೆಯ ಅಂಚನ್ನು ರಬ್ಬರಿನಿಂದ ತುಸು ಅಳಿಸಿ, ಬಲಗಡೆ ಬೆರಳಿನಿಂದ ತೀಡಿ, ತುಸು ವಾರೆಯಾಗಿ ಮತ್ತೊಂದು ತೆಗೆದು ತೋರಿಸಿದೆ. ಇಬ್ಬರೂ ಬಾಯಿ ತೆರೆದು ನೋಡಿದರು. ಸಿಂಹಕ್ಕೆ ಕೈ ಹಚ್ಚಬಾರದು, ಅದು ಸರಕಾರದ್ದು ಎಂದು ತಾಕೀತು ಮಾಡಿದೆ. ಅದರ ಜಾಗದಲ್ಲಿ ಒಂದು ಪೇರಲ ಹಣ್ಣು ಬರೆಯುವುದೆಂದು ಠರಾವಾಯಿತು.

ನನ್ನನ್ನು ಸಾಹೇಬರೆನ್ನಬೇಕು ಎಂದೂ ಹೇಳಿದ್ದೇನೆ.

೧೫ ಆಗಸ್ಟ್

ಧ್ವಜಾರೋಹಣ ಮುಗಿಸಿ ಮಕ್ಕಳು ಸೀದಾ ಇಲ್ಲಿಗೆ ಬಂದರು. ಜಹಾಂಗೀರ ಶಾಲೆಯಲ್ಲಿ ಕೊಟ್ಟ ಬೂಂದಿಯಲ್ಲಿ ಅರ್ಧ ನನ್ನ ಮುಂದಿಟ್ಟ. ಇದು ಲಂಚವಾಗುತ್ತದೆ ಎಂದು ತಿಳಿಹೇಳಿದೆ. ತಿಂದೆ.

೧೯ ಆಗಸ್ಟ್, ಮಂಗಳವಾರ

ಖಾನಾವಳಿ ಬಿಟ್ಟೆ. ರೊಟ್ಟಿ ಬಡಿಯುವುದೇನು ಬ್ರಹ್ಮವಿದ್ಯೆಯೇ ಎಂದು ಹಿಟ್ಟಿಗೆ ಬಿಸಿನೀರು ಹಾಕಿ ಕೂತೆ. ಮೊದಲನೆಯದು ಮೂರು ತುಂಡಾಯಿತು. ಎರಡನೆಯದು ಪರಾತಕ್ಕೆ ಅಂಟಿಕೊಂಡು ಬರಲೇ ಇಲ್ಲ. ಗೋಡೆಯಾಚೆಯಿಂದ ಗುರುಲಿಂಗವ್ವ ಇಣುಕಿ ನೋಡುತ್ತಿದ್ದಳು.

"ಅಣ್ಣಾರ, ಅದು ರೊಟ್ಟಿರಿ. ಶಿಕ್ಕಾ ಹೊಡದಂಗ ಹೊಡೀಬ್ಯಾಡ್ರಿ. ಅಂಗೈಲೆ ತಟಗ ಸರಿಸಿಕೋತ ಬಡೀರಿ."

ಸರಿಸಿಕೊಂಡು ಬಡಿದೆ. ಒಂದು ರೊಟ್ಟಿ ಆಯಿತು. ಆಕಾರ ಬಾದಾಮಿ ತಾಲೂಕಿನ ನಕಾಶೆಯಂತಿತ್ತು, ಆದರೂ ರೊಟ್ಟಿಯೇ. ಮೂರು ಬೆರಳು ಸುಟ್ಟಿವೆ. ಪದ್ಮವ್ವನ ಬೆರಳು ಸುಟ್ಟದ್ದನ್ನು ನಾನೆಂದೂ ನೋಡಿಲ್ಲ. ಸುಟ್ಟಿರಲಿಕ್ಕಿಲ್ಲ, ಅಥವಾ ನಾನು ಅತ್ತ ನೋಡಿರಲಿಕ್ಕಿಲ್ಲ.

೨೧ ಆಗಸ್ಟ್, ಗುರುವಾರ

ಪೇಪರಿನ ತುಂಬ ನಕಲಿ ಛಾಪಾ ಕಾಗದದ ಸುದ್ದಿ. ಗುರುಲಿಂಗವ್ವ ಯಾರದೋ ಬಾಯಿಂದ ಕೇಳಿ, ಮಗ್ಗ ಬಿಟ್ಟು ಓಡಿ ಬಂದಳು.

"ಅಣ್ಣಾರ, ಸುಳ್ಳ ಕಾಗದ ಮಾಡಿದವ್ರನ್ನ ಒಳಗ ಹಾಕಾಕ್ಹತ್ಯಾರಂತ. ನನ್ನ ಮೊಮ್ಮಗಳು ದಿನಾ ನಿಮ್ಮ ಕಟ್ಟಿ ಮ್ಯಾಲ ಏನ ಮಾಡ್ತಾಳ್ರಿ? ನಾಳೆ ಅಕಿನ್ನ ಯಾರ ಲಗ್ನಾ ಮಾಡ್ಕೋಬೇಕು?"

ಅವಳ ಮಾತಿನಲ್ಲೂ ಹುರುಳಿದೆ. ಆದ್ದರಿಂದ ನಿಯಮ ಮಾಡಿದೆ: ನಿಜವಾಗಿ ಇರುವ ಕಚೇರಿಯ ಹೆಸರು ಯಾರೂ ಬರೆಯುವಂತಿಲ್ಲ. ಇನ್ನು ಮೇಲೆ ಎಲ್ಲ ಶಿಕ್ಕಾಗಳ ಸುತ್ತ "ಪೇರಲಗಿಡ ಕಾರ್ಯಾಲಯ, ಇಲಕಲ್ಲ" ಎಂದೇ ಬರೆಯತಕ್ಕದ್ದು. ಮಕ್ಕಳು ಅಲ್ಲೇ ಒಂದು ತೆಗೆದರು. ಗುರುಲಿಂಗವ್ವನಿಗೆ ಧೈರ್ಯ ಬರಲೆಂದು ಆ ಕಾಗದವನ್ನು ಅವಳ ಕೈಗೆ ಕೊಟ್ಟೆ. ಅವಳು ಜಾಂಬಳಿ ಸುತ್ತು ನೋಡಿದವಳೇ ಕಾಗದವನ್ನು ಕಣ್ಣಿಗೆ ಒತ್ತಿಕೊಂಡು, ಒಯ್ದು ದೇವರ ಜಗಲಿಯ ಮೇಲಿಟ್ಟಳು. ಶಿಕ್ಕಾದೊಳಗೆ ಏನು ಬರೆದಿದೆಯೆಂದು ಈ ದೇಶದಲ್ಲಿ ಯಾರೂ ಓದುವುದಿಲ್ಲ.

೨೩ ಆಗಸ್ಟ್, ಶನಿವಾರ

ಬಾದಾಮಿಯಿಂದ ಮಗಳು ಲಲಿತಾ ಫೋನು ಮಾಡಿದಳು.

"ಅಪ್ಪಾ, ಅವ್ವ ಕಮತಗ್ಯಾಗ ಮಾಮಾನ ಮಗ್ಗದಾಗ ಕುಂತು ಸೀರಿ ನೇಯಾಕ್ಹತ್ಯಾಳ. ಹೋಗಿ ಕರ್ಕೊಂಡ ಬಾರಪಾ."

"ನನಗೆಲ್ಲಿ ಪುರಸೊತ್ತು? ಆಫೀಸಿನ ಕೆಲಸಾ ಐತಿ."

"ಯಾವ ಆಫೀಸು?" ಎಂದು ನಕ್ಕಳು. ಆಮೇಲೆ, "ಹಿಂದ ಹುಡುಗೂರ ಧನಿ ಕೇಳಾಕ್ಹತ್ತೇತಿ. ನಮ್ಮ ಮನ್ಯಾಗ? ನಾವ ಸಣ್ಣವ್ರಿದ್ದಾಗ ಕಟ್ಟಿ ಮ್ಯಾಲ ಉಸರ ಬಿಡಾಕ ಕೊಡತಿದ್ದಿಲ್ಲಲ್ಲಪಾ ನೀ," ಅಂದಳು.

ಲೈನು ಸರಿಯಿಲ್ಲವೆಂದು ಇಟ್ಟುಬಿಟ್ಟೆ. ಲೈನು ಸರಿಯಿತ್ತು.

ಪದ್ಮವ್ವ ಹುಡುಗಿಯಾಗಿದ್ದಾಗ ನೇಯುತ್ತಿದ್ದಳಂತೆ. ನಾನೂ ನೇಕಾರರ ಮಗನೇ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು ಬೇಡವೆಂದೇ ಕುರ್ಚಿಯ ನೌಕರಿ ಹಿಡಿದೆ. ಅವಳು ಈ ವಯಸ್ಸಿನಲ್ಲಿ ತಿರುಗಿ ಕುಣಿಗೆ ಇಳಿದಿದ್ದಾಳೆ. ಸಂತೋಷವಾಗಿದ್ದಾಳಂತೆ. ಇರಲಿ. ಯಾರು ಬೇಡವೆಂದರು?

೨೭ ಆಗಸ್ಟ್, ಬುಧವಾರ

ಇವತ್ತು ಸುಮಾ ಕೇಳಿದಳು, "ಅಜ್ಜಾ, ಪದ್ಮಜ್ಜಿ ಎಲ್ಲಿ ಹೋಗ್ಯಾಳ?"

"ರಜಾ ಮ್ಯಾಲ ಹೋಗ್ಯಾಳ."

"ರಜಾ ಮುಗದಿಲ್ಲ?"

"ಮುಗದು ಭಾಳ ದಿನಾತು."

"ರಜಾ ಮುಗದ್ರೂ ಬರಲಿಲ್ಲ ಅಂದ್ರ ಆಫೀಸಿನ್ಯಾಗ ಏನ ಮಾಡ್ತಾರ?"

"ನೋಟೀಸ್ ಕೊಡ್ತಾರ."

"ಹೆಂಗ ಬರೀತಾರ ಅದನ್ನ?"

ಕಲಿಯುವ ಮಕ್ಕಳು ಕೇಳಿದರೆ ಇಲ್ಲವೆನ್ನಬಾರದು. ನಾನು ಹೇಳಿದೆ, ಸುಮಾ ಬರೆದಳು: "ಶ್ರೀಮತಿ ಪದ್ಮವ್ವ ಇವರಿಗೆ. ತಾವು ರಜೆಯ ಅವಧಿ ಮುಗಿದರೂ ಹಾಜರಾಗಿರುವುದಿಲ್ಲ. ಈ ನೋಟೀಸು ಮುಟ್ಟಿದ ಕೂಡಲೇ ಹಾಜರಾಗತಕ್ಕದ್ದು. ತಪ್ಪಿದಲ್ಲಿ ತಮ್ಮ ಸೇವೆಯನ್ನು ಕೊನೆಗೊಳಿಸಲಾಗುವುದು." ಬರೆಸುವಾಗ ನನಗೆ ಬಹಳ ಹಗುರೆನಿಸಿತು. ಅಭ್ಯಾಸಕ್ಕೆಂದು ಬರೆಸಿದ್ದು, ಅಷ್ಟೇ.

ಕೆಳಗೆ ಸುಮಾ ಹೊಡೆದ ಶಿಕ್ಕಾ ನೋಡಿ ಚಷ್ಮಾ ಒರೆಸಿಕೊಂಡೆ. ಎಡಗಡೆ ಮಾಸಿದ್ದು, ಬಲಗಡೆ ಮಸಿ ಹರಡಿದ್ದು, ತಾರೀಖಿನ ಮೇಲೆ ತುಸು ವಾರೆ. ಬೇಸತ್ತ ಗುಮಾಸ್ತನ ಕೈಯಿಂದಲೇ ಬಿದ್ದಂತಿತ್ತು. "ಶಾಬ್ಬಾಸ್ ಮಗಳ!" ಎಂದು ನಾಲ್ಕು ಪೇರಲ ಮಂಜೂರು ಮಾಡಿದೆ.

೨೮ ಆಗಸ್ಟ್

ನೋಟೀಸು ಕಾಣಿಸುತ್ತಿಲ್ಲ. ಗಾಳಿಗೆ ಹಾರಿರಬೇಕು. ಅಂಥ ಶಿಕ್ಕಾ ಹಾಳಾಯಿತಲ್ಲ ಎಂದು ಹೊಟ್ಟೆ ಉರಿಯಿತು.

೨೯ ಆಗಸ್ಟ್, ಶುಕ್ರವಾರ

ಇವತ್ತು ಆದದ್ದನ್ನು ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಲ್ಲಿ ಬಾಬಣ್ಣ, ಹಿಂದೆ ತಲೆಗೆ ಪಟಗಾ ಸುತ್ತಿದ, ಅವರೂರಿನ ಒಬ್ಬ ಹಿರಿಯರು. ಬಾಬಣ್ಣನ ಕಣ್ಣು ಕೆಂಪಾಗಿದ್ದವು. ಬಾ ಅಂದರೂ ಒಳಗೆ ಬರಲಿಲ್ಲ.

"ಮಾವಾರ, ಇಷ್ಟ ವರ್ಷ ಸಂಸಾರ ಮಾಡಿದಾಕಿಗೆ ಸೋಡಚೀಟಿ ಕಳಸ್ತೀರೇನ್ರಿ? ಏನ ತಪ್ಪ ಮಾಡ್ಯಾಳ ನಮ್ಮ ಅಕ್ಕ?"

ಹಿರಿಯರು ನನ್ನ ಹಿಟ್ಟಿನ ಕೈ ನೋಡಿ, "ಸರಕಾರಿ ಮನಷ್ಯಾ ಆಗಿ ಹಿಂಗ ಮಾಡಬಾರದಿತ್ತು ತಾವು. ಕುಂತು ಮಾತಾಡೋಣು," ಅಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಬಾಬಣ್ಣ ಅಂಗಿಯ ಕಿಸೆಯಿಂದ ಕಾಗದ ತೆಗೆದ. ಅದೇ ನೋಟೀಸು! ಜಹಾಂಗೀರ ಅದನ್ನು ಅವರಪ್ಪನ ಕೈಗೆ ಕೊಟ್ಟಿದ್ದಾನೆ, ಅಹ್ಮದಸಾಬ ಬಾಗಲಕೋಟೆಯ ಬಸ್ಸಿನಲ್ಲಿ ಹೋಗುವಾಗ ಕಮತಗಿಯಲ್ಲಿ ಇಳಿದು ಮನೆಗೆ ಮುಟ್ಟಿಸಿದ್ದಾನೆ. ಜಾಂಬಳಿ ಶಿಕ್ಕಾ ಕಂಡ ಕೂಡಲೇ ಬಾಬಣ್ಣನ ಹೆಂಡತಿ ಬಾಳವ್ವ ಕೋರ್ಟಿನ ಕಾಗದ ಬಂತೆಂದು ಅಂಗಳದಲ್ಲಿ ಕೂತು ಅತ್ತಿದ್ದಾಳೆ. ಓಣಿಯೆಲ್ಲ ಕೂಡಿದೆ. "ಸೇವೆ ಕೊನೆಗೊಳಿಸಲಾಗುವುದು" ಎಂಬಲ್ಲಿಗೆ ಇದು ಹೆಂಡತಿಯನ್ನು ಬಿಡುವ ಸೋಡಚೀಟಿಯೇ ಎಂದು ಎಲ್ಲರಿಗೂ ಖಾತ್ರಿಯಾಗಿದೆ.

ನಾನು ಕಾಗದ ಇಸಿದುಕೊಂಡು ಮೊದಲು ಶಿಕ್ಕಾ ನೋಡಿದೆ. ಅಭ್ಯಾಸ. "ನೋಡ್ರಿ ಹಿರ್ಯಾರ," ಅಂದೆ, "ಈ ಎಡಗಡೆ ಅಂಚು ಹೆಂಗ ಮಾಸೇತಿ ನೋಡ್ರಿ. ಹದಿನೈದ ದಿನದಾಗ ಕಲತಾಳ ಹುಡುಗಿ!" ಅವರು ಬಾಬಣ್ಣನ ಮುಖ ನೋಡಿದರು.

"ಬಾಬಣ್ಣ, ಇದನ್ನ ಪೂರಾ ಓದೀಯೇನು?"

"ಶಿಕ್ಕಾ ಬಿದ್ದ ಮ್ಯಾಲ ಓದೂದೇನೈತ್ರಿ?"

"ಸುತ್ತಲ ಏನ ಬರದೈತಿ ಓದು."

ಅವನು ಕಾಗದ ತಿರುಗಿಸುತ್ತ ಒಂದೊಂದೇ ಅಕ್ಷರ ಕೂಡಿಸಿದ. "ಪೇ... ರ... ಲ... ಗಿಡ..." ಹಿರಿಯರು ಗೋಡೆ ಹಿಡಿದು ನಗಲು ಹತ್ತಿದರು. ಪಟಗಾ ಬಿಚ್ಚಿ ಹೋಯಿತು. ನನಗೂ ನಗು ತಡೆಯಲಿಲ್ಲ. ಬಾಬಣ್ಣ ಮಾತ್ರ ನಗಲಿಲ್ಲ.

"ಅಕ್ಕ ನಿನ್ನಿಯಿಂದ ತು‌ತ್ತ ಮುಟ್ಟಿಲ್ರಿ," ಅಂದ.

"ಯಾಕ? ಅಕಿಗೆ ಓದಾಕ ಬರ್ತೈತಲ್ಲ?"

"ಕಣ್ಣಾಗ ನೀರ ತುಂಬಿದ್ರ ಯಾರಿಗೆ ಓದಾಕ ಬರ್ತೈತ್ರಿ ಮಾವಾರ?"

ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಬಸ್ಸು ಹುನಗುಂದ ದಾಟಿದ ಮೇಲೆ ನೋಡಿಕೊಂಡರೆ ತಲೆಯ ಮೇಲೆ ಟೋಪಿ ಇಲ್ಲ, ಕೈಗೆ ಜೋಳದ ಹಿಟ್ಟು ಹಾಗೇ ಒಣಗಿದೆ. ಟೋಪಿ ಇಲ್ಲದೆ ನಾನು ಓಣಿಯ ತಿರುವಿಗೂ ಹೋದವನಲ್ಲ.

ಪದ್ಮವ್ವ ಮಗ್ಗದ ಕುಣಿಯಲ್ಲೇ ಕೂತಿದ್ದಳು. ನೇಯುತ್ತಿರಲಿಲ್ಲ, ಸುಮ್ಮನೆ ಕೂತಿದ್ದಳು. ಕಣ್ಣು ಬಾತಿದ್ದವು. ಹುಡುಗರ ಆಟವೆಂದು ಎಲ್ಲವನ್ನೂ ಹೇಳಿದೆ. ನಾನು ಬರೆಸಿದ್ದು, ಸುಮಾ ಶಿಕ್ಕಾ ಹೊಡೆದದ್ದು, ಪೇರಲ, ಎಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಬೋಳು ತಲೆ ನೋಡಿದಳು, ಹಿಟ್ಟಿನ ಕೈ ನೋಡಿದಳು. ಆಮೇಲೆ ಲಾಳಿ ಕೈಗೆ ತೆಗೆದುಕೊಂಡು ಕೇಳಿದಳು:

"ಅರ್ಜಿ ತಂದೀರೇನ್ರಿ?"

"ಇಲ್ಲ..."

"ಹಂಗಾದ್ರ ನಾಳೆ ಬರ್ರಿ."

ಬಾಗಿಲಲ್ಲಿ ಕೂಡಿದ್ದ ಓಣಿಯವರೆಲ್ಲ ಹೋ ಎಂದು ನಕ್ಕರು. ಸಿಟ್ಟು ಬಂತು. ಬಂದ ಕಾಲಲ್ಲೇ ತಿರುಗಿ ಬಸ್ಸು ಹತ್ತಿದೆ. ಮನೆಗೆ ಬಂದರೆ ಬಾಳವ್ವನ ಫೋನು: ನಾನು ಹೊರಟ ಮೇಲೆ ಪದ್ಮವ್ವ ಎರಡು ರೊಟ್ಟಿ, ಬದನೆಕಾಯಿ ಪಲ್ಯ ಉಂಡಳಂತೆ. ಉಂಡಳಲ್ಲ, ಸಾಕು.

೩೦ ಆಗಸ್ಟ್, ಶನಿವಾರ

ಅರ್ಜಿ ಬರೆದೆ. "ವಿಷಯ: ಮನೆಗೆ ಮರಳುವ ಕುರಿತು. ಕಾರಣ: ಗೃಹಕೃತ್ಯದ ನಿಮಿತ್ತ." ಕೆಳಗೆ ಸುಮಾ ಶಿಕ್ಕಾ ಹೊಡೆದುಕೊಟ್ಟಳು. ತಪ್ಪು ಮಾಡಿದ್ದಕ್ಕೆ ಬೈಸಿಕೊಂಡು ಇಬ್ಬರೂ ಮುಖ ಸಣ್ಣ ಮಾಡಿಕೊಂಡಿದ್ದರು. ಹೋಗಲಿ ಬಿಡಿ ಎಂದು ರೊಟ್ಟಿ, ಬೆಲ್ಲ ಕೊಟ್ಟೆ.

ಪದ್ಮವ್ವ ಕುಣಿಯಿಂದ ಏಳಲಿಲ್ಲ. ನಾನು ನಿಂತೇ ಇದ್ದೆ. ಕೂರಲು ಅಲ್ಲಿ ಏನೂ ಇರಲಿಲ್ಲ. ಅರ್ಜಿದಾರರಿಗೆ ಒಂದು ಬೆಂಚಾದರೂ ಇರಬೇಕಲ್ಲ! ಅವಳು ಬೆರಳಿಟ್ಟು ಓದಿದಳು.

"ಇದ ಕಾರಣ ಅಲ್ರಿ. ಗೃಹಕೃತ್ಯಕ್ಕ ಆಳ ಸಿಗ್ತಾರ. ನಾಳೆ ಬರ್ರಿ."

"ನಾಳೆ ಗಣಪತಿ ಹಬ್ಬ."

"ಹೌದಲ್ಲ, ಸರಕಾರಿ ಸೂಟಿ. ಸೋಮವಾರ ಬರ್ರಿ."

೧ ಸೆಪ್ಟೆಂಬರ್, ಸೋಮವಾರ

ಕಾರಣ: ಆರೋಗ್ಯ ಸರಿಯಿಲ್ಲದ್ದರಿಂದ.

"ದವಾಖಾನಿಗೆ ಹೋಗ್ರಿ," ಅಂದಳು.

ಅರ್ಜಿ ತಿರುಗಿ ಕೊಡುವಾಗ ನನ್ನ ಬೆರಳಿನ ಬೊಬ್ಬೆ ಕಂಡಳು. ಏನಿದು ಎಂದು ಕೇಳಿದಳು. ಹಂಚು ತಗುಲಿತು ಅಂದೆ. ಲಾಳಿ ಒಂದೆರಡು ಸಲ ಆಚೀಚೆ ಓಡಿತು. "ಬಾಳವ್ವಾ, ಇವರಿಗೆ ಒಂದೀಟ ಬೆಣ್ಣಿ ತಂದ ಕೊಡ," ಅಂದಳು. ಆದರೂ ಅರ್ಜಿ ತಿರಸ್ಕೃತ.

೨ ಸೆಪ್ಟೆಂಬರ್, ಮಂಗಳವಾರ

ಕಾರಣ: ಸಮಾಜದಲ್ಲಿ ಮಾನ-ಮರ್ಯಾದೆಯ ದೃಷ್ಟಿಯಿಂದ.

ಈ ಸಲ ಓದುವ ಗೋಜಿಗೂ ಹೋಗಲಿಲ್ಲ. ತಲೆ ಅಲ್ಲಾಡಿಸಿದಳು. ನಾನು ರೇಗಿದೆ: "ನಿಯಮ ಏನೈತಿ ಅದನರ ಹೇಳು! ಏನ ಬರದ್ರ ಮಂಜೂರಾಕ್ಕೈತಿ?"

"ಅದನ್ನ ಹೇಳಾಕ ಬರಂಗಿಲ್ರಿ. ಅರ್ಜಿದಾರರ ತಿಳಕೋಬೇಕು."

ಬಸ್ಸು ತಡವಿತ್ತು. ಕಮತಗಿಯ ನಿಲ್ದಾಣದಲ್ಲಿ ಕೂತು ಇನ್ನೊಬ್ಬರು ತಿನ್ನುತ್ತಿದ್ದ ಶೇಂಗಾ ನೋಡುತ್ತಿದ್ದೆ. ನಮ್ಮ ಕಚೇರಿಯ ಹೊರಗೆ ಜನ ಇಡೀ ದಿನ ಹಾಗೆ ಯಾಕೆ ಕೂತಿರುತ್ತಿದ್ದರು, ಮನೆಗಾದರೂ ಹೋಗಬಾರದೇ ಎಂದು ನನಗೆ ಅನಿಸುತ್ತಿತ್ತು. ಮನೆಗೆ ಹೋಗಿ ಮಾಡುವುದಾದರೂ ಏನು?

ಅಡಿಗೆ ಮನೆಯ ಮೂರು ಮೊಳೆ ಕಿತ್ತೆ. ತಲೆಗೆ ತಾಗುತ್ತಿದ್ದವು.

೪ ಸೆಪ್ಟೆಂಬರ್, ಗುರುವಾರ

ಬೆಳಿಗ್ಗೆ ಹೊಸ ಅರ್ಜಿ ಬರೆಯುತ್ತ ಕೂತಿದ್ದೆ. ಕಾರಣ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಸುಮಾ ಪಾಟಿಚೀಲ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅಜ್ಜಾ, ಲಗೂನ ಕರ್ಕೊಂಡ ಬಾ. ನಿನ್ನ ರೊಟ್ಟಿ ತಿಂದು ತಿಂದು ನಮ್ಮ ಹಲ್ಲ ನೋಯಾಕ್ಹತ್ಯಾವು," ಅಂದಳು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು, ಓಡಿದೆ.

ಪದ್ಮವ್ವನ ಮುಂದೆ ನಿಂತು ಕಿಸೆಗೆ ಕೈ ಹಾಕಿದರೆ ಅರ್ಜಿ ಇಲ್ಲ. ಎಡಕಿಸೆ ನೋಡಿದೆ, ಬಲಕಿಸೆ ನೋಡಿದೆ. ಕಟ್ಟೆಯ ಮೇಲೇ ಬಿಟ್ಟು ಬಂದಿದ್ದೆ. ನನಗೆ ಅಳುವೇ ಬಂದಂತಾಯಿತು.

"ಮರತ ಬಂದೇನಿ," ಅಂದೆ.

"ಹಂಗಾದ್ರ ಬಾಯಿಲೆ ಹೇಳ್ರಿ. ಕಾರಣ ಏನು?"

ಬಾಬಣ್ಣ ನೂಲಿನ ಕಂಡಿಕೆ ಸುತ್ತುತ್ತಿದ್ದವನು ಕೈ ನಿಲ್ಲಿಸಿದ. ಬಾಳವ್ವ ಒಳಗಿನಿಂದ ಬಂದು ನಿಂತಳು. ಇಷ್ಟು ಮಂದಿಯ ಮುಂದೆ ಏನು ಹೇಳುವುದು? ಬರೆದದ್ದಿದ್ದರೆ ಓದಬಹುದಿತ್ತು.

"ಕಾರಣ ಏನಿಲ್ಲ," ಅಂದೆ. "ನೀ ಇಲ್ಲದ ಮನ್ಯಾಗ ಕಾಲ ನಿಂದರವಲ್ವು. ಕೂಳ ಗಂಟಲಾಗ ಇಳಿಯವಲ್ದು. ಭಾಳ ಬ್ಯಾಸರಾಗೇತಿ ಪದ್ಮಾ. ಬಾ."

ಮಗ್ಗದ ಸಪ್ಪಳ ನಿಂತಿತು. ಪದ್ಮವ್ವ ನನ್ನನ್ನು ಎಷ್ಟು ಹೊತ್ತು ನೋಡಿದಳೋ. ನಾಳೆ ಬಾ ಅನ್ನುತ್ತಾಳೆ ಎಂದು ನಾನು ಚಪ್ಪಲಿ ಹುಡುಕತೊಡಗಿದೆ. ಅವಳು ಕುಣಿಯಿಂದ ಮೇಲೆ ಬಂದು, ಸೀರೆ ಝಾಡಿಸಿಕೊಂಡು, "ಬಾಳವ್ವಾ, ನನ್ನ ಚೀಲಾ ತಾ," ಅಂದಳು.

"ಸೀರಿ ಅರ್ಧಕ್ಕ ನಿಂತೇತಲ್ಲ ಅಕ್ಕಾ," ಅಂದ ಬಾಬಣ್ಣ.

"ನೀ ನೇಯಿ."

ಚೀಲ ಬಂತು, ಕಟ್ಟಿಯೇ ಇತ್ತು. ಬಾಳವ್ವ ನನ್ನ ಕೈಗೆ ಕೊಡುತ್ತ ನಕ್ಕಳು. "ಪಂಚಮಿ ಮರುದಿನಾನ ಕಟ್ಟಿ ಇಟ್ಟಾರ್ರಿ ಅಣ್ಣಾರ. ಬಸ್ಸಿನ ಸಪ್ಪಳಾ ಬಂದಾಗೊಮ್ಮೆ ಬಾಗಲಕ ಬಂದ ನಿಂದರ್ತಿದ್ರು."

"ಸುಮ್ಮಕಿರಲೇ, ಬಾಯಿಬಡಕಿ," ಎಂದು ಪದ್ಮವ್ವ ಅವಳ ಬೆನ್ನಿಗೊಂದು ಗುದ್ದಿದಳು.

ಬಸ್ಸು ಅಹ್ಮದಸಾಬನದೇ. ನಮ್ಮಿಬ್ಬರನ್ನೂ ನೋಡಿ, ನೋಟೀಸಿನ ನೆನಪಾಗಿ, ಹಲ್ಲು ಬಿಡದೆ ನಿಲ್ಲಲು ಬಹಳ ಕಷ್ಟಪಟ್ಟ. "ಎಷ್ಟ ಕೊಡ್ಲಿ ಸಾಹೇಬ್ರ?" ಎಂದು ಕೇಳಿದ.

"ಎರಡು. ಇಲಕಲ್ಲ," ಅಂದೆ. ತವರಿನಿಂದ ಇವಳಿಗೆ ಟಿಕೀಟು ತೆಗೆಯುವ ಕೆಲಸ ನನಗೆ ಹೊಸದು.

ಪದ್ಮವ್ವ ಎರಡೂ ಟಿಕೀಟು ನನ್ನ ಕೈಯಿಂದ ಇಸಿದುಕೊಂಡು ಎಲೆಯಡಿಕೆಯ ಚಂಚಿಯಲ್ಲಿಟ್ಟು ದಾರ ಎಳೆದಳು. ಇಲಕಲ್ಲದಲ್ಲಿ ಇಳಿಯುವಾಗ ಬೇಕಾಗುತ್ತವೆ, ಇತ್ತ ಕೊಡು ಅಂದರೂ ಕೊಡಲಿಲ್ಲ.

"ನಾ ಬರಾಕ್ಹತ್ತೇನಿ ಖರೆ, ರಿಟೈರ್ ಆದಾಕಿ ನಾನು," ಅಂದಳು. "ರೊಟ್ಟಿ ಯಾರ ಬಡಿಯೋರು?"

"ನಾ ಬಡಿತೇನಿ."

"ಹೌದ?" ಎಂದು ನನ್ನ ಬೆರಳು ಹಿಡಿದು ಬೊಬ್ಬೆ ನೋಡಿದಳು. ಬಿಡಲಿಲ್ಲ. "ಹಂಗಾದ್ರ ಅಮೀನಗಡದಾಗ ಇಳದು ಕರದಂಟ ತಗೊಂಡ ಬರ್ರಿ. ಹೊಟ್ಟಿಗೆ ಏನರ ಬೇಕಲ್ಲ."

ಅಮೀನಗಡದಲ್ಲಿ ಬಸ್ಸು ನಿಂತಿತು. ಕೈ ಬಿಡಿಸಿಕೊಳ್ಳಲು ಮನಸ್ಸಾಗದೆ, ಕಿಡಕಿಯಿಂದಲೇ ಕೂಗಿ ತರಿಸಿದೆ.